ಪುನರ್ವಸು ಮಳೆ, ಡಬಲ್ ಸೈಲೆನ್ಸರ್

ಶಿವಮೊಗ್ಗದಲ್ಲಿ ಬಿ.ಎಚ್. ರಸ್ತೆ ಎಲ್ಲರಿಗೂ ಗೊತ್ತು. ಆ ಎರಡಕ್ಷರ ಬಿಡಿಸಿ ಹೇಳಿ ಅಂದರೆ ತಡವರಿಸುವವರೇ ಹೆಚ್ಚು. ಬೆಂಗಳೂರು–ಹೊನ್ನಾವರ ರಸ್ತೆ. ಭದ್ರಾವತಿಯಲ್ಲೂ ಅದಕ್ಕೆ ಅದೇ ಹೆಸರು, ತುಮಕೂರಿನಲ್ಲೂ ಅದೇ. ಸರ್ಕಾರ ಮೊದಲು 206 ಅಂತ ನಂಬರು ಕೊಟ್ಟಿತು, ಆಮೇಲೆ 69 ಅಂತ ಬದಲಿಸಿತು; ಊರಿನವರು ಎರಡನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈ ರಸ್ತೆ ಶಿವಮೊಗ್ಗ ಪೇಟೆಯ ಗದ್ದಲ ಕಳಚಿಕೊಂಡು ಭದ್ರಾವತಿಯ ಕಡೆ ಮುಖ ಮಾಡುವಲ್ಲಿ ಮಲವಗೊಪ್ಪ ಸಿಗುತ್ತದೆ. ಚನ್ನಬಸವೇಶ್ವರನ ಗುಡಿ, ಕಬ್ಬು ಅರೆಯುವುದನ್ನು ಎಂದೋ ನಿಲ್ಲಿಸಿದ ಸಕ್ಕರೆ ಕಾರ್ಖಾನೆ, ಮುಂದೆ ನಿದಿಗೆ, ಮಾಚೇನಹಳ್ಳಿ.

ಜುಲೈ ತಿಂಗಳ ಎರಡನೇ ಭಾನುವಾರಕ್ಕೆ ಒಂದು ದಿನ ಮುಂಚೆ, ಶನಿವಾರ ನಸುಕಿನಲ್ಲಿ, ನಮ್ಮ ಏಳೆಂಟು ಜನ ಕೂಡುವುದು ಇಲ್ಲಿ. ಸಾಗರದವರು, ತೀರ್ಥಹಳ್ಳಿಯವರು ಪೇಟೆ ದಾಟಿ ಬಂದು ಸೇರುತ್ತಾರೆ. ಯಾರು ಬಂದರೆಂದು ತಿರುಗಿ ನೋಡುವ ಅಗತ್ಯವೇ ಇಲ್ಲ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇರುವ ಗಾಡಿ ಗಾಳಿಯಲ್ಲಿ ಅರ್ಧ ಮೈಲಿ ಮೊದಲೇ ಹೇಳಿಕಳಿಸುತ್ತದೆ. ಜಾವಾ, ಇಲ್ಲವೇ ಯೆಜ್ಡಿ. ಈ ಭಾನುವಾರವನ್ನು ಜಗತ್ತಿನ ಜಾವಾ ಪ್ರಿಯರೆಲ್ಲ ಅಂತರರಾಷ್ಟ್ರೀಯ ಜಾವಾ ದಿನ ಎಂದು ಆಚರಿಸುತ್ತಾರೆ. ನಮ್ಮಲ್ಲಿ ಅದು ಜಾವಾ–ಯೆಜ್ಡಿ ದಿನ. ಬೆಂಗಳೂರಿನಲ್ಲೂ ಮೈಸೂರಿನಲ್ಲೂ ದೊಡ್ಡದಾಗಿ ನಡೆಯುವ ಈ ಕೂಟಕ್ಕೆ ಊರೂರಿನಿಂದ ಜನ ಗಾಡಿ ಓಡಿಸಿಕೊಂಡೇ ಹೋಗಬೇಕು. ಬಸ್ಸಿನಲ್ಲಿ ಹೋದರೆ ಬೇಡ ಅನ್ನುವವರಿಲ್ಲ, ಆದರೆ ಹೋದವನಿಗೇ ಒಂಥರಾ ನಾಚಿಕೆ.

ಈ ಬೈಕಿನ ಹುಟ್ಟೂರು ಯಾವುದೆಂದು ಹೊಸ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಫ್ರಾಂಟಿಷೆಕ್ ಯಾನೆಚೆಕ್ ಎಂಬ ಝೆಕ್ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್‌ಸೈಕಲ್ ಮಾಡುವ ಹಕ್ಕು ಕೊಂಡ. ತನ್ನ ಹೆಸರಿನ ತಲೆಗೆ (Ja) ಅದರ ತಲೆ (Wa) ಜೋಡಿಸಿ ಜಾವಾ ಎಂದ. ಅದು ಮೈಸೂರಿನ ಯಾದವಗಿರಿಗೆ ಬಂದದ್ದು 1960ರ ಆಸುಪಾಸಿನಲ್ಲಿ. ಪರದೇಶದ ಗಾಡಿಗಳ ಆಮದಿಗೆ ಸರ್ಕಾರ ತಡೆ ಹಾಕಿದ್ದ ಕಾಲ. ಮುಂಬಯಿಯಲ್ಲಿ ಜಾವಾ ತರಿಸಿ ಮಾರುತ್ತಿದ್ದ ಪಾರ್ಸಿ ಇರಾನಿ ಕುಟುಂಬದ ರುಸ್ತುಂ ಮತ್ತು ಫಾರೂಖ್ ಇರಾನಿ, ತರಿಸುವುದು ಕಷ್ಟವಾದರೆ ಇಲ್ಲೇ ಮಾಡೋಣ ಎಂದು ಹೊರಟರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ ಬೆಂಬಲ ಸಿಕ್ಕಿತು. ಹೀಗೆ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. ಝೆಕ್ ಒಪ್ಪಂದ ಮುಗಿದ ಮೇಲೆ, 1970ರ ದಶಕದ ಮೊದಲ ವರ್ಷಗಳಲ್ಲಿ, ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಎಂದಾಯಿತು. ಪಾರ್ಸಿಗಳ ಹಳೆಯ ನೆಲೆಯಾದ ಇರಾನಿನ ಯಜ್ದ್ ಪಟ್ಟಣದಿಂದ ಬಂದ ಹೆಸರು ಅನ್ನುವವರಿದ್ದಾರೆ; ಝೆಕ್ ಭಾಷೆಯಲ್ಲಿ ಸವಾರಿಗೆ ಹೇಳುವ ಮಾತು ಅದು ಅನ್ನುವವರೂ ಇದ್ದಾರೆ. ನನಗೆ ಎರಡೂ ಇಷ್ಟ.

ಮಲೆನಾಡಿನ ಅಂಚಿನ ಈ ಪಟ್ಟಿಯಲ್ಲಿ ಯೆಜ್ಡಿ ಬೇರೂರಿದ್ದಕ್ಕೆ ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಭದ್ರಾವತಿಯಲ್ಲಿ 1923ರಿಂದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ. ಇತ್ತ ನಮ್ಮ ಸಕ್ಕರೆ ಕಾರ್ಖಾನೆ. ತಿಂಗಳ ಸಂಬಳ, ಪಾಳಿ ಕೆಲಸ. ರಾತ್ರಿ ಪಾಳಿ ಮುಗಿಸಿ ಬರುವವನಿಗೆ ಬಸ್ಸು ಕಾಯುತ್ತದೆಯೇ? ಅತ್ತ ಅಡಿಕೆ ತೋಟದವನಿಗೆ ಗೊನೆ, ಗೊಬ್ಬರ, ಹಾಲಿನ ಕ್ಯಾನು, ಮೇಲೆ ಹೆಂಡತಿ ಮಕ್ಕಳು, ಎಲ್ಲವನ್ನೂ ಕೆಸರಿನಲ್ಲಿ ಎಳೆಯುವ ಗಾಡಿ ಬೇಕು. ನಮ್ಮಪ್ಪ ಕಬ್ಬಿನ ದುಡ್ಡಿನಲ್ಲಿ ತಂದ ರೋಡ್‌ಕಿಂಗ್‌ನ ಟ್ಯಾಂಕಿನ ಮೇಲೆ ಕೂತೇ ನಾನು ಭದ್ರಾವತಿಯ ಮಿರ್ಚಿ–ಮಂಡಕ್ಕಿಯ ರುಚಿ ಕಂಡದ್ದು. ತೊಡೆಗೆ ಬಿಸಿ, ಮೂಗಿಗೆ ಸುಟ್ಟ ಎಣ್ಣೆಯ ವಾಸನೆ. ಇವತ್ತಿಗೂ ಆ ವಾಸನೆ ಬಂದರೆ ನನಗೆ ಹಸಿವಾಗುತ್ತದೆ.

1980ರ ದಶಕದ ನಡುವೆ ಜಪಾನಿನ ತಂತ್ರಜ್ಞಾನದ 100 ಸಿ.ಸಿ. ಬೈಕುಗಳು ಬಂದವು. ಕಡಿಮೆ ಪೆಟ್ರೋಲ್, ಕಡಿಮೆ ಕಿರಿಕಿರಿ. ಆಮೇಲೆ ಹೊಗೆಯ ನಿಯಮ ಬಿಗಿಯಾಯಿತು, ಕಾರ್ಖಾನೆಯೊಳಗೆ ಕಾರ್ಮಿಕರ ತಕರಾರುಗಳೂ ಇದ್ದವು. 1996ರಲ್ಲಿ ಯಾದವಗಿರಿಯ ಗೇಟು ಮುಚ್ಚಿತು.

ನಾನು ಹೇಳಹೊರಟ ಕಥೆ ಶುರುವಾಗುವುದು ಇಲ್ಲಿಂದ. ಕೂಟದ ದಿನ ಸಾಲಾಗಿ ನಿಂತು ಮಿಂಚುವ ಟ್ಯಾಂಕುಗಳ ಫೋಟೊ ನೋಡಿದವರು ಇದು ಶೋಕಿಗೆ ಹುಟ್ಟಿದ ಮೇಳ ಅಂದುಕೊಳ್ಳುತ್ತಾರೆ. ಹಾಗಲ್ಲ. ಕಂಪನಿ ಸತ್ತರೆ ಗಾಡಿಯ ಬಿಡಿಭಾಗವೂ ಸಾಯುತ್ತದೆ. ಪಿಸ್ಟನ್ ಸವೆದರೆ ಸಿಲಿಂಡರ್ ಬೋರ್ ಮಾಡಿಸಬೇಕು, ಬೋರಿಗೆ ಹೊಂದುವ ದೊಡ್ಡ ಅಳತೆಯ ಪಿಸ್ಟನ್ ಬೇಕು. ಅದು ಎಲ್ಲಿದೆ? ಯಾವುದೋ ಊರಿನ ಹಳೇ ಅಂಗಡಿಯ ಅಟ್ಟದ ಮೇಲೆ, ಎಣ್ಣೆ ಕಾಗದದಲ್ಲಿ ಸುತ್ತಿಟ್ಟದ್ದು ಒಂದಿದೆ. ಅದಿರುವುದು ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಎಂದು ಗೊತ್ತಿರುವವನು ಇನ್ನೆಲ್ಲೋ ಇದ್ದಾನೆ. ಪಾಯಿಂಟ್ ಸೆಟ್ ಇವನ ಹತ್ತಿರ, ಕಾರ್ಬುರೇಟರಿನ ಜೆಟ್ ಅವನ ಹತ್ತಿರ. ಒಬ್ಬನ ಬಳಿ ಎರಡು ಎಂಜಿನ್ ಇವೆ, ಚೌಕಟ್ಟಿಲ್ಲ, ಇನ್ನೊಬ್ಬನದು ತದ್ವಿರುದ್ಧ. ದೂರದೂರದವರನ್ನು ಒಂದು ಮೈದಾನಕ್ಕೆ ಎಳೆದು ತಂದದ್ದು ಮೊದಲಿಗೆ ಈ ಗರಜು. ಸ್ನೇಹ ಹಿಂದಿನಿಂದ ಬಂತು. ಬೆಂಗಳೂರು ಜಾವಾ ಯೆಜ್ಡಿ ಮೋಟಾರ್‌ಸೈಕಲ್ ಕ್ಲಬ್ಬಿನಂಥ ಸಂಘಗಳು ಕಟ್ಟಿಕೊಂಡದ್ದೂ ಈ ಹಿನ್ನೆಲೆಯಲ್ಲೇ.

ಬುಲೆಟ್ಟಿನವರ ಗೋವಾ ಮೇಳದ ಹಿಂದೆ ಕಂಪನಿಯೇ ನಿಂತಿದೆ. ವೇದಿಕೆ, ಹಾಡು, ಅಂಗಡಿ ಎಲ್ಲ ಅದರದು. ಯೆಜ್ಡಿಯವರಿಗೆ ಇಪ್ಪತ್ತೆರಡು ವರ್ಷ ಕಂಪನಿಯೇ ಇರಲಿಲ್ಲ. 2018ರಲ್ಲಿ ಮಹೀಂದ್ರಾ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಜಾವಾ ಹೆಸರಿಗೆ ಮರುಜೀವ ಕೊಟ್ಟಿತು, 2022ರಲ್ಲಿ ಯೆಜ್ಡಿ ಹೆಸರಿಗೂ. ಹೊಸ ಗಾಡಿಗಳು ಫೋರ್ ಸ್ಟ್ರೋಕ್, ಎಂಜಿನ್ ತಂಪು ಮಾಡಲು ದ್ರವ ಬೇರೆ. ಚೆನ್ನಾಗಿವೆ. ಆದರೆ ನಮ್ಮ ಗುಂಪಿನ ಹಿರಿಯರೊಬ್ಬರು ಅದರ ಸದ್ದು ಕೇಳಿ, "ಮನೆ ಅಳಿಯ ಇದ್ದಂಗಿದೆ ಮಾರಾಯ, ಗಲಾಟೆನೇ ಇಲ್ಲ" ಅಂದರು.

ಹೊರಗಿನ ಜಗತ್ತಿನಲ್ಲೂ ಇಂಥ ಕೂಟಗಳು ಸಣ್ಣದಾಗಿಯೇ ಮೊಳೆತವು. ಅಮೆರಿಕದ ದಕ್ಷಿಣ ಡಕೋಟಾದ ಸ್ಟರ್ಜಿಸ್ ಎಂಬ ಪುಟ್ಟ ಊರಿಗೆ ಈಗ ಪ್ರತಿ ಆಗಸ್ಟ್‌ನಲ್ಲಿ ಲಕ್ಷಗಟ್ಟಲೆ ಸವಾರರು ಬರುತ್ತಾರೆ. 1938ರಲ್ಲಿ ಅದನ್ನು ಶುರುಮಾಡಿದ್ದು ಊರಿನ ಒಂದು ಬೈಕ್ ಕ್ಲಬ್ಬು, ಮೊದಲ ಸಲ ಪಂದ್ಯಕ್ಕಿಳಿದವರು ಒಂಬತ್ತೇ ಜನ. ನನಗೆ ಹೆಚ್ಚು ಹತ್ತಿರ ಅನ್ನಿಸುವುದು ಜರ್ಮನಿಯ ಆನೆ ಕೂಟ. ಅರ್ನ್‌ಸ್ಟ್ ಲೆವರ್ಕುಸ್ ಎಂಬ ಪತ್ರಕರ್ತ 1956ರಲ್ಲಿ, ಸೈಡ್‌ಕಾರ್ ಎಳೆಯುವ ತ್ಸುಂಡಾಪ್ ಬೈಕಿನವರನ್ನೆಲ್ಲ ಒಂದೆಡೆ ಸೇರಿಸಿದ. ಆ ಬೈಕಿಗೆ ಜನ ಇಟ್ಟ ಅಡ್ಡಹೆಸರು ಹಸಿರು ಆನೆ; ಕೂಟಕ್ಕೂ ಅದೇ ನಿಂತಿತು. ಮಜಾ ಏನೆಂದರೆ ಅದು ನಡೆಯುವುದು ಕೊರೆಯುವ ಚಳಿಗಾಲದಲ್ಲಿ, ಈಗಂತೂ ಬವೇರಿಯಾದ ಕಾಡಿನ ಹಿಮದಲ್ಲಿ. ಹವೆ ಹಿತವಾಗಿದ್ದಾಗ ಯಾರು ಬೇಕಾದರೂ ಬರುತ್ತಾರೆ ಎಂಬ ಲೆಕ್ಕ ಇರಬೇಕು.

ನಮಗೆ ಹಿಮವಿಲ್ಲ, ಪುನರ್ವಸು ಇದೆ. ಜುಲೈನ ಎರಡನೇ ಭಾನುವಾರ ಬೀಳುವುದು ಸರಿಯಾಗಿ ಆ ಮಳೆಯ ನಡುಮಧ್ಯ. ಯುರೋಪಿನವರಿಗೆ ಅದು ಬೇಸಿಗೆ. ತೀರ್ಥಹಳ್ಳಿಯವನಿಗೆ ಅಂಗಳದಲ್ಲಿ ಹಾವಸೆ ಕಟ್ಟುವ ಕಾಲ. ದಿನಾಂಕ ನಮಗೆ ಬೇಕಾದಂತೆ ಬದಲಿಸುವ ಹಾಗಿಲ್ಲ, ಆದ್ದರಿಂದ ನಮ್ಮ ತಯಾರಿಯೆಲ್ಲ ಮಳೆಯ ಸುತ್ತಲೇ. ಟೂ ಸ್ಟ್ರೋಕ್ ಎಂಜಿನ್ನಿಗೆ ಕಿಡಿಯೇ ಜೀವ. ಪಾಯಿಂಟಿಗೆ ಒಂದು ಹನಿ ನೀರು ಹೋದರೆ ಗಾಡಿ ನಡುರಸ್ತೆಯಲ್ಲಿ ಮುನಿಸಿಕೊಳ್ಳುತ್ತದೆ. ಮುಚ್ಚಳದ ಸಂದಿಗೆ ಗ್ರೀಸ್ ಮೆತ್ತುವುದು, ಪ್ಲಗ್ಗಿನ ಟೋಪಿಗೆ ರಬ್ಬರ್ ಸುತ್ತುವುದು, ಒಳಂಗಿಯ ಜೇಬಿನಲ್ಲಿ ಒಣ ಬಟ್ಟೆ ಇಟ್ಟುಕೊಳ್ಳುವುದು, ಇವೆಲ್ಲ ವಾರ ಮೊದಲೇ ಆಗಬೇಕಾದ ಕೆಲಸ. ವರ್ಷವಿಡೀ ಎಣ್ಣೆ ಉರಿದು ಸೈಲೆನ್ಸರಿನೊಳಗೆ ಕಟ್ಟಿದ ಮಸಿಯನ್ನು ಸುಟ್ಟು ತೆಗೆಸಬೇಕು. ಇಲ್ಲದಿದ್ದರೆ ಗಾಡಿಗೆ ಉಸಿರು ಕಟ್ಟುತ್ತದೆ. ಈ ವಿಷಯದಲ್ಲಿ ನಮ್ಮ ಕಡೆಯವರು ಪುಣ್ಯವಂತರು. ಕಬ್ಬಿಣದ ಕಾರ್ಖಾನೆಯ ನೆರಳಿನಲ್ಲಿ ಬೆಳೆದ ಭದ್ರಾವತಿಯಲ್ಲಿ ಲೇತ್ ಹಿಡಿದ ಕೈಗಳಿಗೆ ಬರವಿಲ್ಲ, ಮಾಚೇನಹಳ್ಳಿಯಲ್ಲಿ ಎರಕದ ಕಾರ್ಖಾನೆಗಳಿವೆ. ಸಿಗದ ಬುಷ್ಷನ್ನು ಇಲ್ಲಿ ಕಡೆದೇ ಕೊಡುತ್ತಾರೆ.

ಮಲವಗೊಪ್ಪದಿಂದ ಬೆಂಗಳೂರಿಗೆ ಹತ್ತಿರ ಹತ್ತಿರ 300 ಕಿಲೋಮೀಟರ್. ನಾವು ಗಂಟೆಗೆ 50ರ ಮೇಲೆ ಹೋಗುವುದಿಲ್ಲ. ಹೋಗಬಾರದೆಂದಲ್ಲ, ನಲವತ್ತು ವರ್ಷ ದಾಟಿದ ಗಾಡಿಗಳು ಕಾವೇರಿ ಸೀಜ್ ಆದರೆ ಇಡೀ ಗುಂಪಿನ ದಿನ ಹಾಳು. ಗುಂಪು ಸವಾರಿಯ ಮೊದಲ ನಿಯಮ, ಎಲ್ಲಕ್ಕಿಂತ ನಿಧಾನದ ಗಾಡಿಯನ್ನು ಮುಂದೆ ಬಿಡುವುದು. ಹೊಸಬರಿಗೆ ಇದು ಅರ್ಥವಾಗುವುದೇ ಇಲ್ಲ. ವೇಗದವನು ಮುಂದಿದ್ದರೆ ತರೀಕೆರೆ ಮುಟ್ಟುವ ಹೊತ್ತಿಗೆ ಗುಂಪು ನಾಲ್ಕು ತುಂಡಾಗಿರುತ್ತದೆ, ಮುಂದಿನವನು ಹಿಂದಿನವನಿಗೆ ಫೋನು ಮಾಡುತ್ತ ನಿಂತಿರುತ್ತಾನೆ. ಒಬ್ಬರ ನೇರ ಹಿಂದೆ ಇನ್ನೊಬ್ಬರು ಹೋಗುವುದೂ ಇಲ್ಲ. ಒಬ್ಬ ಎಡಕ್ಕಿದ್ದರೆ ಮುಂದಿನವನು ಬಲಕ್ಕೆ, ತೋಟದಲ್ಲಿ ಎರಡು ಸಾಲಿನ ನಡುವೆ ಬದಲಿ ಬದಲಿಯಾಗಿ ಗಿಡ ಇಟ್ಟ ಹಾಗೆ. ಮುಂದಿನವನು ತಟ್ಟನೆ ಬ್ರೇಕ್ ಹಾಕಿದರೆ ಹಿಂದಿನವನಿಗೆ ಜಾಗ ಇರುತ್ತದೆ. ಅವನ ಹೊಗೆ ನೇರ ಇವನ ಮುಖಕ್ಕೆ ಬಡಿಯುವುದೂ ತಪ್ಪುತ್ತದೆ.

ಕೊನೆಯ ಗಾಡಿಗೆ ನಮ್ಮಲ್ಲಿ ಬಾಲ ಅನ್ನುತ್ತೇವೆ. ಗುಂಪಿನ ಅತ್ಯುತ್ತಮ ಮೆಕ್ಯಾನಿಕ್ಕೇ ಬಾಲ. ಅವನ ಚೀಲದಲ್ಲಿ ಪ್ಲಗ್ಗು, ಕ್ಲಚ್ ವೈರು, ಕಂಡೆನ್ಸರ್, ಚೈನಿನ ಲಾಕು, ಪಾಯಿಂಟ್ ಉಜ್ಜಲು ಮರಳು ಕಾಗದ. ನಿಂತ ಗಾಡಿಯನ್ನು ಬಿಟ್ಟು ಬಾಲ ಮುಂದೆ ಹೋಗುವ ಹಾಗಿಲ್ಲ. ಅವನು ಕಾಣದಿದ್ದರೆ ಮುಂದಿನವರು ನಿಲ್ಲಬೇಕು. ಒಂದು ವರ್ಷ ಕಡೂರಿನಲ್ಲಿ ಎರಡು ತಾಸು ಹೀಗೆ ನಿಂತು, ಚಿಕ್ಕಮಗಳೂರಿನ ಕಡೆಯಿಂದ ಬಂದು ಸೇರಬೇಕಿದ್ದವರ ಮುಂದೆ ನಮ್ಮ ಮರ್ಯಾದೆ ಹೋಯಿತು. ಕಾಯಿಸಿದ್ದಕ್ಕೆ ಅವರು ಬೈಯಲಿಲ್ಲ. ನಾವು ಹೋಗುವಷ್ಟರಲ್ಲಿ ಅವರಲ್ಲೂ ಒಬ್ಬನ ಕಾರ್ಬುರೇಟರ್ ಬಿಚ್ಚಿತ್ತು.

ಕಡೂರು ನಮ್ಮ ಪಾಲಿಗೆ ಗಡಿ. ತರೀಕೆರೆಯವರೆಗೂ ರೇನ್‌ಕೋಟಿನೊಳಗೆ ಬೆವೆತು ಬಂದವರು ಕಡೂರು ದಾಟುತ್ತಲೇ ಬಯಲುಸೀಮೆಯ ಒಣ ಗಾಳಿಗೆ ಮೈಯೊಡ್ಡುತ್ತಾರೆ. ಅರಸೀಕೆರೆ, ತಿಪಟೂರಿನ ತೆಂಗಿನ ಸಾಲಿಗೆ ಬರುವ ಹೊತ್ತಿಗೆ ಬೂಟು ಒಣಗಿರುತ್ತದೆ.

ಪೆಟ್ರೋಲ್ ಬಂಕ್ ಇನ್ನೊಂದು ಅಧ್ಯಾಯ. ಈ ಎಂಜಿನ್ನಿಗೆ ಎಣ್ಣೆ ಪೆಟ್ರೋಲಿನ ಜೊತೆಗೇ ಹೋಗಬೇಕು, ಲೀಟರಿಗೆ ಸುಮಾರು 40 ಮಿಲಿಲೀಟರ್. ಮೊದಲು ಬಂಕಿನಲ್ಲೇ ಟೂಟಿ ಎಣ್ಣೆಯ ಯಂತ್ರ ಇರುತ್ತಿತ್ತು. ಈಗ ಬಂಕಿನ ಹುಡುಗ, "ಎಣ್ಣೆ ಯಾಕೆ ಅಣ್ಣ?" ಅಂತ ಕೇಳುತ್ತಾನೆ. ನಾವೇ ಬಾಟಲಿ ಹೊತ್ತು, ಅಳೆದು ಹುಯ್ದು, ಗಾಡಿಯನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ಬೆರೆಸುತ್ತೇವೆ. ಹತ್ತಾರು ಜನ ಒಟ್ಟಿಗೆ ಗಾಡಿ ಅಲ್ಲಾಡಿಸುವುದನ್ನು ಕಂಡು ಲಾರಿಯವರು ನಗುತ್ತಾರೆ. ಎಣ್ಣೆ ಪೆಟ್ರೋಲಿನ ಜೊತೆ ಬರುವುದರಿಂದ ಇನ್ನೊಂದು ಎಚ್ಚರವೂ ಬೇಕು. ಆಗುಂಬೆಯಂಥ ಘಟ್ಟ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಎಂಜಿನ್ ಹಿಡಿತದಲ್ಲೇ ಇಳಿದರೆ ಪೆಟ್ರೋಲ್ ನಿಲ್ಲುತ್ತದೆ, ಜೊತೆಗೆ ಎಣ್ಣೆಯೂ ನಿಲ್ಲುತ್ತದೆ, ಪಿಸ್ಟನ್ ಒಣಗುತ್ತದೆ. ಆಗಾಗ ಒಂದಿಷ್ಟು ತಿರುವಿ ಎಣ್ಣೆ ಕುಡಿಸುತ್ತಿರಬೇಕು. ಈಚೆಗೆ ಪೆಟ್ರೋಲಿಗೆ ಬೆರೆಸುತ್ತಿರುವ ಎಥೆನಾಲ್ ಹೊಸ ತಲೆನೋವು: ಅದು ನೀರು ಹೀರುತ್ತದೆ, ಹಳೆಯ ರಬ್ಬರು ಅದಕ್ಕೆ ತಾಳುವುದಿಲ್ಲ. ಮಳೆಗಾಲ ಪೂರ್ತಿ ನಿಂತ ಗಾಡಿಯ ಟ್ಯಾಂಕ್ ತುಂಬಿಸಿಡಬೇಕೋ ಬರಿದು ಮಾಡಬೇಕೋ ಎಂಬ ಬಗ್ಗೆ ನಮ್ಮಲ್ಲಿ ಎರಡು ಪಕ್ಷಗಳಿವೆ. ನಾನು ಬರಿದು ಮಾಡುವ ಪಕ್ಷದವನು.

ಕೂಟದ ಮೈದಾನದಲ್ಲಿ ಏನಿರುತ್ತದೆ? ಹೇಳಿಕೊಳ್ಳುವಂಥ ಕಾರ್ಯಕ್ರಮ ಏನೂ ಇಲ್ಲ, ಅದೇ ಅದರ ಚೆಂದ. ಸಾಲುಸಾಲು ಗಾಡಿಗಳು. ಕಂದು ಕೆಂಪಿನ ಜಾವಾ, ಉಬ್ಬಿದ ಟ್ಯಾಂಕಿನ ರೋಡ್‌ಕಿಂಗ್, ಅವಳಿ ಸಿಲಿಂಡರಿನ ಅಪರೂಪದ 350, ಮೂಲೆಯಲ್ಲೊಂದು ಪುಟಾಣಿ 60 ಸಿ.ಸಿ. ಕೋಲ್ಟ್. ನೆಲದ ಮೇಲೆ ತಾಡಪತ್ರೆ ಹಾಸಿ ಬಿಡಿಭಾಗ ಹರಡಿದವರ ಸುತ್ತ ಸಂತೆಯ ಗುಂಪು. ಚೌಕಾಸಿಯೂ ಸಂತೆಯದೇ. ಐಡಿಯಲ್ ಜಾವಾದಲ್ಲಿ ದುಡಿದು ಈಗ ತಲೆ ಬೆಳ್ಳಗಾದವರನ್ನು ಕರೆಸಿ ಶಾಲು ಹೊದಿಸುವುದುಂಟು. ಎಂಜಿನ್ ಜೋಡಿಸುತ್ತಿದ್ದ ಕೈ ಒಂದು ಟ್ಯಾಂಕನ್ನು ಸವರುವುದನ್ನು ನೋಡುವಾಗ ಭದ್ರಾವತಿಯ ಕಡೆಯಿಂದ ಹೋದವರು ಸುಮ್ಮನಾಗುತ್ತಾರೆ. ಕಾಗದದ ಕಾರ್ಖಾನೆ ನಿಂತು ಎಷ್ಟು ವರ್ಷವಾಯಿತೆಂದು ಪೇಪರ್ ಟೌನಿನವರಿಗೆ ಬೆರಳೆಣಿಸಬೇಕಿಲ್ಲ. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂದಾಗ ನ್ಯೂಟೌನಿನಲ್ಲಿ ಎದ್ದ ಕೂಗು ಅವರ ಕಿವಿಯಲ್ಲಿದೆ. ಕಾಗದ ಬರೆದು ಮುಗಿಯುತ್ತದೆ, ಸಕ್ಕರೆ ಕರಗುತ್ತದೆ. ಮೈಸೂರಿನವರು ಮಾಡಿದ್ದು ಮಾತ್ರ ವರ್ಷಕ್ಕೊಮ್ಮೆ ಸದ್ದು ಮಾಡುತ್ತ ಅವರೆದುರೇ ಬಂದು ನಿಲ್ಲುತ್ತದೆ.

ನನಗೆ ಸರಿಕಾಣದ್ದೂ ಇದೆ. ಹತ್ತು ವರ್ಷದ ಹಿಂದೆ ಗುಜರಿ ಬೆಲೆಗೆ ಸಿಗುತ್ತಿದ್ದ ಗಾಡಿಗೆ ಈಗ ಲಕ್ಷದ ಮಾತು. ತುಕ್ಕು ಕೆರೆಸಿ, ಹೊಸ ಕ್ರೋಮ್ ಹಾಕಿಸಿ, ಲಾರಿಯಲ್ಲಿ ತಂದಿಳಿಸಿ, ಕಿಕ್ ಹೊಡೆಯದೆ ಮರಳಿ ಒಯ್ಯುವವರು ಹೆಚ್ಚಾಗಿದ್ದಾರೆ. ಮಳೆಯಲ್ಲಿ ನೆನೆದು 300 ಕಿಲೋಮೀಟರ್ ಬಂದ ಕೆಸರಿನ ಗಾಡಿಯನ್ನು, "ಸ್ವಲ್ಪ ಆ ಕಡೆ ನಿಲ್ಲಿಸ್ತೀರಾ? ಫೋಟೊ ತೆಗೀಬೇಕು" ಅಂದವನನ್ನು ನಾನಿನ್ನೂ ಕ್ಷಮಿಸಿಲ್ಲ. ಆರ್‌ಸಿ ನವೀಕರಣದ ಓಡಾಟ ಬೇರೆ. ಗಾಡಿ ತಾತನ ಹೆಸರಿನಲ್ಲೇ ಉಳಿದು, ತಾತ ತೀರಿಕೊಂಡು, ಮೂರು ಜನ ಚಿಕ್ಕಪ್ಪಂದಿರ ಸಹಿ ಬೇಕಾದಾಗ ಎಷ್ಟೋ ಯೆಜ್ಡಿಗಳು ಕೊಟ್ಟಿಗೆಯಲ್ಲೇ ಕೋಳಿ ಕೂರುವ ಗೂಟವಾಗಿವೆ.

ಇನ್ನೊಂದು ಗುಟ್ಟು ಹೇಳಲೇಬೇಕು. ಹಳೆಯ ಜಾವಾ–ಯೆಜ್ಡಿಯ ಕೀ ಅನ್ನುವುದು ಹೆಸರಿಗಷ್ಟೇ ಕೀ. ಹೆಡ್‌ಲೈಟಿನ ಮೇಲೆ ಚುಚ್ಚುವ ಮೊಳೆಯಂಥ ಕಡ್ಡಿ. ಒಂದು ಗಾಡಿಯದು ಇನ್ನೊಂದಕ್ಕೆ ಸಲೀಸಾಗಿ ಹೊಂದುತ್ತದೆ. ಗೇರ್ ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಅದೇ ಕಿಕ್ಕರ್. ಗೊತ್ತಿಲ್ಲದವನು ಗಾಡಿ ಕದಿಯಲು ಬಂದರೆ ಕಿಕ್ಕರ್ ಹುಡುಕುತ್ತಲೇ ಬೆಳಗಾಗುತ್ತದೆ. ಆದರೆ ಮೈದಾನದ ತುಂಬ ಇರುವವರೆಲ್ಲ ಗೊತ್ತಿದ್ದವರೇ.

ಒಂದು ಸಲ ಊಟ ಮುಗಿಸಿ ಬಂದು ನೋಡುತ್ತೇನೆ, ನನ್ನ ರೋಡ್‌ಕಿಂಗ್ ಇಲ್ಲ. ಅದೇ ಬಣ್ಣದ, ಅದೇ ಮಾದರಿಯ ಇನ್ನೊಂದು ಪಕ್ಕದಲ್ಲಿ ನಿಂತಿದೆ. ಎದೆ ಧಸಕ್ ಎಂದಿತು. ಅಪ್ಪನಿಗೆ ಏನು ಹೇಳುವುದು? ಅರ್ಧ ಗಂಟೆಯ ನಂತರ ಗೇಟಿನ ಕಡೆಯಿಂದ ನನ್ನದೇ ಸದ್ದು ಕೇಳಿತು. ಧಾರವಾಡದ ಕಡೆಯ ಮಾತಿನ ಹಿರಿಯರೊಬ್ಬರು ಬಂದು ಇಳಿದರು. ಪೆಟ್ರೋಲ್ ಹಾಕಿಸಲು ಹೋಗಿದ್ದರಂತೆ. ನಾನು ನನ್ನ ನಂಬರ್ ಪ್ಲೇಟು ತೋರಿಸಿದೆ. ಅವರು ನೋಡಿದರು, ಪಕ್ಕದ ಗಾಡಿ ನೋಡಿದರು, ಕನ್ನಡಕ ತೆಗೆದು ಒರೆಸಿದರು.

"ಎರಡು ಲೀಟರ್ ಹಾಕಿಸೇನ್ರಿ, ಎಣ್ಣೀನೂ ಬೆರಸೇನಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಒಂದ ಕಿಕ್ಕಿಗೆ ಚಾಲೂ ಆತು. ಅವಾಗರ ನನಗ ಸಂಶೇ ಬರಬೇಕಾಗಿತ್ತು" ಅಂದರು.